ಪಿಲ್ಲರ್ ಬಾಗಿಲಲ್ಲಿದ್ದ ನನ್ನ ಅಕ್ಷರ

2008ರಲ್ಲಿ ನಾನು ಬಳ್ಳಾರಿಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬ್ರಾಡ್‌ಬ್ಯಾಂಡ್ ದೂರುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಅದಕ್ಕೂ ಮೊದಲು ಆರು ವರ್ಷ ಸಿರುಗುಪ್ಪದಲ್ಲಿದ್ದು, ಮಕ್ಕಳ ಸ್ಕೂಲಿಗೆಂದು ಕಂಡಕಂಡವರ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡಿದ್ದೆ. ಅದಿರಿನ ಕಾಲ. ಊರೆಲ್ಲ ಕೆಂಪು ಧೂಳು, ಬೀದಿಗೊಂದು ಹೊಸ ಬಂಗಲೆ. ಬಂಗಲೆಯಿಂದ ದೂರು ಬಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು, ಫೋನಿನ ಮುಂದೆಯೂ!

ಜೀನ್ಸ್ ಹೊಲಿಯುವ ಖಾದರ್ ಸಾಬರ ಮನೆಯ ದೂರು ಬಂದದ್ದು ಆಗಸ್ಟ್‌ನಲ್ಲಿ. ಅವರ ಮಗಳು ಶಾಹೀನಾ ಮನೆಯಲ್ಲೇ ಕೂತು, ಡಾಕ್ಟರುಗಳು ಮಾತಾಡಿ ಕಳಿಸಿದ ಆಡಿಯೋ ಕೇಳಿ ಟೈಪ್ ಮಾಡಿ ಕಳಿಸುವ ಕೆಲಸ ಮಾಡುತ್ತಿದ್ದಳು. ಆ ಮನೆಯಲ್ಲಿ ತಿಂಗಳ ಸಂಬಳ ಅಂತ ಕಂಡಿದ್ದು ಅವಳೊಬ್ಬಳೇ.

“ಸರ್, ಹತ್ತು ನಿಮಿಷದ ಆಡಿಯೋ ಇಳಿಯಾಕ ಒಂದು ತಾಸು ಹಿಡಿಯಾಕತ್ತೈತ್ರಿ. ಇನ್ನೊಮ್ಮೆ ತಡ ಆದ್ರ ಕೆಲಸದಿಂದ ತೆಗೀತೀವಂತ ಹೇಳ್ಯಾರ” ಅಂದಳು.

ಮೊದಲ ಸಲ ಅವರ ಮನೆಯ ಚಹಾ ಕುಡಿದು, ಕಂಪ್ಯೂಟರಿನಲ್ಲಿ ವೈರಸ್ ಇದೆ ಎಂದು ಹೇಳಿ ಬಂದೆ. ಎರಡನೇ ಸಲ ಮೋಡೆಮ್ ಬದಲಿಸಿದೆ. ಮೂರನೇ ಸಲ ಲೈನ್‌ಮನ್ ಗಾದಿಲಿಂಗಪ್ಪನನ್ನು ಕರೆದುಕೊಂಡು ಹೋಗಿ ಬೀದಿಯ ಪಿಲ್ಲರಿನ ಬಾಗಿಲು ತೆಗೆಸಿದೆ. ಪಿಲ್ಲರ್ ಎಂದರೆ ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆ. ಎಕ್ಸ್‌ಚೇಂಜಿನಿಂದ ಬಂದ ತಾಮ್ರದ ತಂತಿಗಳು ಅಲ್ಲಿಂದ ಜೋಡಿಜೋಡಿಯಾಗಿ ಮನೆಗಳಿಗೆ ಹೋಗುತ್ತವೆ. ಮನೆಯ ಕಡೆಯ ತಂತಿ ಬಿಚ್ಚಿಸಿ, ಎಕ್ಸ್‌ಚೇಂಜ್ ಕಡೆಯ ಜೋಡಿಗೆ ಮೀಟರ್ ಹಚ್ಚಿದೆ. ನಾಯ್ಸ್ ಮಾರ್ಜಿನ್, ಅಂದರೆ ಗದ್ದಲವನ್ನು ಮೀರಿ ಸಂಕೇತಕ್ಕೆ ಉಳಿಯುವ ಬಲ, ಹತ್ತಾದರೂ ಇರಬೇಕಿತ್ತು. ನಾಲ್ಕಿತ್ತು. ತಪ್ಪು ಆ ಮನೆಯದಲ್ಲ, ನಮ್ಮದು.

ಬಾಗಿಲ ಒಳಗೆ ಅಂಟಿಸಿದ್ದ ಕಾರ್ಡು ನೋಡಿದೆ. ಆ ಮನೆಯ ಜೋಡಿಯ ನಂಬರ್ ಹೊಡೆದು ಹಾಕಿ ಪಕ್ಕದಲ್ಲಿ ಬೇರೆ ನಂಬರ್ ಬರೆದಿತ್ತು. ಅಕ್ಷರ ನನ್ನದೇ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎರಡು ತಿಂಗಳ ಹಿಂದೆ ಗಣಿ ಮಾಲೀಕರೊಬ್ಬರ ಬಂಗಲೆಯ ಲೈನು ಕೆಟ್ಟಾಗ, “ಸಂಜೆಯೊಳಗೆ ಸರಿಯಾಗಬೇಕು” ಎಂದು ಮೇಲಿನವರು ಕೂಗಾಡಿದ್ದರು. ಕೇಬಲ್ಲಿನಲ್ಲಿ ಖಾಲಿ ಜೋಡಿ ಇರಲಿಲ್ಲ. ಆಗ ನಾವೆಲ್ಲ ಮಾಡುತ್ತಿದ್ದುದು ಒಂದೇ: ಯಾರದೋ ಮನೆಯ ಒಳ್ಳೆಯ ಜೋಡಿ ಕಿತ್ತು ದೊಡ್ಡವರಿಗೆ ಕೊಟ್ಟು, ಕೆಟ್ಟದ್ದನ್ನು ಆ ಮನೆಗೆ ಹಾಕುವುದು. ಬರೀ ಫೋನಿನಲ್ಲಿ ಮಾತಾಡುವವರಿಗೆ ಅದು ಗೊತ್ತಾಗುವುದಿಲ್ಲ. ಅವತ್ತು ಕಿತ್ತ ಜೋಡಿ ಯಾರ ಮನೆಯದು, ಅಲ್ಲಿ ಇಂಟರ್‌ನೆಟ್ ಇದೆಯೇ ಎಂದು ನಾನು ಕೇಳಿರಲೇ ಇಲ್ಲ. ನಂಬರ್ ನೋಡಿ ಕಿತ್ತಿದ್ದೆ.

“ವಾಪಸ್ ಹಾಕಿಬಿಡೋಣೇನ್ರಿ ಸರ್? ಐದು ನಿಮಿಷದ ಕೆಲಸ” ಅಂದ ಗಾದಿಲಿಂಗಪ್ಪ. ಅವನು ಕುರುಗೋಡಿನವನು, ಮಾತು ನೇರ.

ಬಂಗಲೆಯಿಂದ ಒಂದು ಫೋನ್ ಹೋದರೆ ನಾನು ಮತ್ತೆ ಸಿರುಗುಪ್ಪದಲ್ಲಿರುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು.

“ಮುಚ್ಚೋ ಬಾಗಿಲು” ಅಂದೆ.

ಅವನು ಮುಚ್ಚಿದ. ನಾನು ಮನೆಗೆ ಹೋಗಿ, “ನಿಮ್ಮ ಮನೆಯ ವೈರಿಂಗ್ ಹಳೆಯದು, ಪೂರಾ ಬದಲಿಸಿರಿ” ಎಂದು ಹೇಳಿದೆ. ಖಾದರ್ ಸಾಬರು ಹೊಲಿಗೆ ಬಿಟ್ಟು ಎದ್ದು ಬಂದು, ಕೈ ಮುಗಿದು, “ಆತ್ರಿ ಸಾಹೇಬ್ರ, ಹಂಗೇ ಮಾಡಿಸ್ತೀವಿ” ಅಂದರು. ಆ ವಾರವೇ ಬಾಗಿಲಿನಿಂದ ಒಳಕೋಣೆಯ ತನಕ ಹೊಸ ತಂತಿ ಎಳೆಸಿದರು ಎಂದು ಆಮೇಲೆ ಗೊತ್ತಾಯಿತು.

ಮೂರು ವಾರದ ನಂತರ ಶಾಹೀನಾ ಮೋಡೆಮ್ಮನ್ನು ಡಬ್ಬಿಯ ಸಮೇತ ಹಿಡಿದುಕೊಂಡು ಆಫೀಸಿಗೆ ಬಂದಳು. ಕೆಲಸ ಹೋಗಿತ್ತು. ಕನೆಕ್ಷನ್ ಮುಚ್ಚುವ ಅರ್ಜಿಯ ಫಾರಂ ಅವಳ ಕೈಗೆ ಕೊಟ್ಟೆ. ಅದರಲ್ಲಿ ಕಾರಣ ಬರೆಯುವ ಜಾಗವಿತ್ತು. ನಮ್ಮನ್ನು ಬೈದು ಬರೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಬರೆದು ನನ್ನ ಕಡೆ ತಿರುಗಿಸಿದಳು: “ನಮ್ಮ ಮನೆಯ ವೈರಿಂಗ್ ಸರಿ ಇಲ್ಲ.”

“ನೀವಾದ್ರೂ ಏನ್ ಮಾಡ್ತೀರಿ ಸರ್, ಮೂರು ಸಲ ಬಂದು ನೋಡಿದ್ರಿ” ಅಂದಳು.

ಮೂವತ್ತೊಂದು ವರ್ಷದ ನೌಕರಿ ನನಗೆ ದೋಷ ಎಲ್ಲಿದೆ ಎಂದು ಹುಡುಕುವುದನ್ನು ಚೆನ್ನಾಗಿಯೇ ಕಲಿಸಿತು. ಸಿಕ್ಕಿದ್ದನ್ನು ಬಾಯಿಬಿಟ್ಟು ಹೇಳದಿದ್ದರೆ ಆ ವಿದ್ಯೆಗೆ ಮೂರು ಕಾಸಿನ ಬೆಲೆಯೂ ಇಲ್ಲ ಎಂಬುದು ಅವತ್ತು ತಿಳಿಯಿತು. ತಿಳಿದೂ, ಅವಳು ಬರೆದ ಸಾಲಿನ ಕೆಳಗೆ “ಪರಿಶೀಲಿಸಲಾಗಿದೆ” ಎಂದು ಬರೆದು ಸಹಿ ಹಾಕಿದೆ.