ಪೂಜಿ ಮಾಡಿಸ್ಕೊಂಡ ಡಬ್ಬಿ

ನಾ ಮಾಡಿದ ಚಾಷ್ಟಿಗೆ, ಕಿತಾಪತಿಗೆ ಮಂದಿ ಬೈದ್ರ ನನಗ ಯಾವತ್ತೂ ಬ್ಯಾಸರ ಆಗಿಲ್ಲ. ಬೈಸ್ಕೊಂಡಷ್ಟೂ ಚಾಷ್ಟಿ ಛಲೋ ಆಗೈತಿ ಅಂತ ತಿಳಕೊಂಡಾಂವ ನಾ. ಆದ್ರ ಮಾಡದ ಇದ್ದ ಚಾಷ್ಟಿಗೆ ಒಂದ ಸಲ ಸಿಕ್ಕೊಂಡ್ನಿ. ಆ ವಾರ ಉಂಡದ್ದು ಮೈಗೆ ಹತ್ತಲಿಲ್ಲ.

ರೈತರಿಗೆ ಬೀಜ, ಗೊಬ್ಬರ ಕೊಡೂ ಸೊಸೈಟಿ ನಮ್ಮದು. ಹೆಡ್ ಆಫೀಸ ಗೋಕಾಕದಾಗ, ಮೂಡಲಗಿಗೊಂದು, ಹುಕ್ಕೇರಿಗೊಂದು ಶಾಖಾ. ನಾ ರಿಟೈರ್ ಆದ ಮ್ಯಾಲೂ ವರ್ಷಾ ವರ್ಷಾ ಹೊಸಾ ಆರ್ಡರ್ ಕೊಟ್ಟು ನನ್ನ ಇಟ್ಕೊಂಡಿದ್ರು. ಯಾಕಂದ್ರ ಅಲ್ಲಿ ಕಂಪ್ಯೂಟರ್ ಬಂದಾಗಿಂದ ಅವುಗಳ ಕಿವಿ ಹಿಂಡಾಂವ ನಾ ಒಬ್ಬನ. ಮಂದಿ ಕಿವೀನೂ ನಾನ ಹಿಂಡತಿದ್ನಿ ಅನ್ರಿ. ಹೊಸಾ ಕ್ಲಾರ್ಕ ಬಂದ್ರ ಅವನ ಪರದೆದ ಫೋಟೋ ತಗದು, ಅದನ್ನ ಪರದೆ ತುಂಬ ಹಾಕಿ ಇಡತಿದ್ನಿ. ಪಾಪ, ಫೋಟೋದಾಗಿನ ಚಿತ್ರಾ ಒತ್ತಿ ಒತ್ತಿ ಅವನ ಬಟ್ಟ ಸವೀತಿತ್ತು, ಏನೂ ತೆರೀತಿರಲಿಲ್ಲ. ಹುಕ್ಕೇರಿ ಮ್ಯಾನೇಜರ್ ಪರದೆ ಒಮ್ಮಿ ತೆಳಗ ಮ್ಯಾಲ ಮಾಡಿದ್ನಿ. ಅಂವಾ ಮಧ್ಯಾನದ ತನಕ ಕುತಗಿ ವಾರಿ ಮಾಡ್ಕೊಂಡ ಕೆಲಸಾ ಮಾಡಿದ, ಯಾರಿಗೂ ಬಾಯಿ ಬಿಡಲಿಲ್ಲ.

ಆ ವರ್ಷ ದಸರಾ ಸೂಟಿ ಮುಗದು ಆಫೀಸ ತಗದ್ರ, ಗೋಕಾಕದ ಕಂಪ್ಯೂಟರ್ ಮುಂಜಾನಿ ಏಳವಲ್ವು. ಹೆಸರು ಹಾಕಿ ಪಾಸ್‌ವರ್ಡ್ ಹೊಡದ್ರ ಪರದೆ ಮ್ಯಾಲ ಗಾಲಿ ತಿರಗಾಕ ಚಾಲೂ. ಚಾ ತರಿಸಿ, ಕುಡದು, ಕಪ್ಪು ತೊಳದಿಟ್ಟು ಬಂದ್ರೂ ಗಾಲಿ ತಿರಗತಿತ್ತು. ಹೊರಗ ಹಿಂಗಾರಿ ಬಿತ್ತಗಿಗೆ ಕಡ್ಲಿ ಬೀಜ ಒಯ್ಯಾಕ ಬಂದ ರೈತರ ಪಾಳಿ ರಸ್ತೆಕ್ಕ ಹೋಗಿತ್ತು.

ನಮ್ಮ ಮ್ಯಾನೇಜರ್ ಸಾಹೇಬ್ರು ಹತ್ತರಗಿಯವರು, ನನಗಿಂತ ವಯಸ್ಸಿನಾಗ ಭಾಳ ಸಣ್ಣವರು. ಸೀದಾ ನನ್ನ ಖುರ್ಚಿ ಹತ್ರ ಬಂದ್ರು.

"ಕಾಕಾ, ಈ ಸಲ ಗಮ್ಮತ್ತು ಅತಿ ಆತ್ರಿ."

"ನಾ ಏನೂ ಮಾಡಿಲ್ರಿ ಸಾಹೇಬ್ರ."

"ಹ್ವಾದ ಸಲಾನೂ ಹಿಂಗ ಅಂದಿದ್ರಿ."

ಅಂದಿದ್ನಿ, ಖರೆ. ಅವಾಗ ಸುಳ್ಳ ಹೇಳಿದ್ನಿ, ಈಗ ಖರೆ ಹೇಳಾಕತ್ತಿದ್ನಿ. ಮಾರಿ ಮಾತ್ರ ಎರಡಕ್ಕೂ ಅದ.

ಕ್ಯಾಶಿಯರ್ ಅಕ್ಕಾರು ಕಿಟಕಿ ಕಡಿಂದ ತಿರಗಿ ನೋಡಿದ್ರು. ಹಣಿ ತುಂಬ ವಿಭೂತಿ, ಮಾತು ಮಾತ್ರ ಮೆಣಸಿನಕಾಯಿ. "ಎಲ್ಲಾರದೂ ಮಲಕೊಂಡೈತಿ. ನಿಮ್ಮದೊಂದ ಹೆಂಗ ಟಣ್ಣ ಅಂತ ಏಳತೈತ್ರಿ?"

ಖರೇನ ನನ್ನದೊಂದ ಲಗೂನ ತೆರೀತಿತ್ತು.

"ಬಿಡ್ರಿ ಅಕ್ಕಾರ, ಅವರ ಹಾಕಿದ ಗಂಟು, ಅವರ ಬಿಚ್ಚತಾರ," ಅಂದ್ರು ಸಾಹೇಬ್ರು. "ಬಿಚ್ಚಿದ್ರ ಹಾಕಿದವ್ರು ಯಾರು ಅಂತ ಪಕ್ಕಾ ಆಗತೈತಿ. ಬಿಚ್ಚಲಿಲ್ಲಾ, ಬೆಳಗಾವಿಯಿಂದ ಕಂಪನಿಯವ್ರನ್ನ ಕರಸೂದು. ಸೋಮವಾರ ಕಮಿಟಿ ಕೂಡತೈತಿ, ಕಾಕಾ. ನಿಮ್ಮ ಆರ್ಡರ್ ಅಲ್ಲೇ ಬರೂದೈತಿ."

ಅಂದ್ರ ರಿಪೇರಿ ಮಾಡಿದ್ರ ಕಳ್ಳ, ಮಾಡಲಿಲ್ಲಂದ್ರ ದಂಡಪಿಂಡ. ಎರಡೂ ಕಡೆ ಬಾಗಲಾ ಮನಿಗೇ ಹೋಗತಿತ್ತು. ಮನಿ ಅಂದ್ರ ಅಂಕಲಗಿ. ಅಲ್ಲಿ ನನ್ನ ಚಾಷ್ಟಿಗೆ ನಗಾವ್ರು ಯಾರೂ ಉಳದಿಲ್ಲ, ಎಲ್ಲಾರೂ ಒಂದೊಂದ ಸಲ ಮೋಸ ಹೋಗಿ ಶಾಣ್ಯಾ ಆಗ್ಯಾರ.

ಅವತ್ತ ರಾತ್ರಿ ರೊಟ್ಟಿ ನೀಡತ ಹೇಣ್ತಿ ಕೇಳಿದ್ಲು, "ನೀವು ಮಾಡಿಲ್ಲಾ?"

"ಮಾಡಿಲ್ಲ."

"ನನ್ನ ಆಣಿ ಮಾಡ್ರಿ."

ಮಾಡಿದ್ನಿ. ಆದ್ರೂ ಅಕಿ ನನ್ನ ಮಾರಿ ನೋಡೂದು ಬಿಡಲಿಲ್ಲ. ಆವಾಗ ನನಗ ಖರೇನ ಅಂಜಿಕಿ ಬಂತು.

ಮರುದಿನ ಸ್ಟಾಕ್ ನೋಡೂ ನೆವಾ ಹೇಳಿ ಮೂಡಲಗಿಗೆ ಹೋದ್ನಿ. ಅಲ್ಲಿ ಕಂಪ್ಯೂಟರ್ ನಾ ಕುಂಡ್ರೂದ್ರಾಗ ತೆರದು ನಿಂತಿತ್ತು. ಹುಕ್ಕೇರಿಗೆ ಫೋನ್ ಹಚ್ಚಿದ್ರ ಅಲ್ಲೂ ಹಂಗ. ಆ ಎರಡೂ ಶಾಖಾ ಗೋಕಾಕದ ದೊಡ್ಡ ಮಶಿನ್ನಿಗೇ ಬಂದು ಹೆಸರು ಹೇಳಬೇಕು. ದೂರಿನವರಿಗೆ ಬಾಗಲಾ ತೆರೀತೈತಿ, ಬಾಜೂಕಿದ್ದವರಿಗೆ ತೆರೆಯೂದಿಲ್ಲ. ಅಂದ್ರ ರೋಗಾ ಮಶಿನ್ನಿಂದಲ್ಲ, ನಮ್ಮ ಖೋಲಿದು.

ವಾಪಸ್ ಬರೂ ಬಸ್ಸಿನ್ಯಾಗ ಹೊಳೀತು. ನನ್ನ ಕಂಪ್ಯೂಟರಿಗೆ ದೊಡ್ಡ ಮಶಿನ್ನಿನ ವಿಳಾಸ ನಾನ ಹಿಂದಕ ಕೈಲೆ ಬರದಿಟ್ಟಿದ್ನಿ, ಅದು ಯಾರನ್ನೂ ಕೇಳೂದಿಲ್ಲ. ಉಳದವು ದಿನಾ ಮುಂಜಾನಿ ಎದ್ದು, ದೊಡ್ಡ ಮಶಿನ್ ಎಲ್ಲೈತಿ ಅಂತ ಕೇಳತಾವು. ಅದನ್ನ ಹೇಳಾಕ ಒಂದ ಡಬ್ಬಿ ನೇಮಿಸೇವಿ. ಈಗ ಮತ್ಯಾರೋ ಅದಕ್ಕಿಂತ ಮೊದಲ ಬಾಯಿ ಹಾಕಿ ತಪ್ಪ ಹೇಳಾಕತ್ತಿದ್ರು. ಗೋಕಾಕ ಸ್ಟ್ಯಾಂಡಿನ್ಯಾಗ ಇಳದು ಸೊಸೈಟಿ ಎಲ್ಲಿ ಅಂತ ಕೇಳಿದವನನ್ನ, ಊರ ಗೊತ್ತಿಲ್ಲದಾಂವ ಫಾಲ್ಸ್ ಕಡೆ ಕಳಿಸಿದಂಗ. ತಿರಗಿ ತಿರಗಿ ಮುಟ್ಟತಾನ, ಆದ್ರ ಹೊತ್ತಾಗತೈತಿ.

ಶನಿವಾರ ಮುಂಜಾನಿ ಹುಡುಕಿದ್ನಿ. ಭಾಳ ಹುಡುಕೂದ ಬರಲಿಲ್ಲ. ಕ್ಯಾಶ್ ಕಿಟಕಿ ಬಾಜೂಕ ದೇವರ ಫೋಟೋದ ಹಲಗಿ ಮ್ಯಾಲ, ಮೂರು ಬಟ್ಟ ವಿಭೂತಿ, ಕುಂಕುಮ, ಒಣಗಿದ ಚೆಂಡ ಹೂ ಏರಿಸ್ಕೊಂಡು, ಹಸರ ದೀಪಾ ಮಿಣುಕಸ್ತ ಕುಂತಿತ್ತು ಹಳೇ ವೈಫೈ ಡಬ್ಬಿ. ದಸರಾದಾಗ ಖಂಡೇ ಪೂಜಿ, ಅಂದ್ರ ಆಯುಧ ಪೂಜಿ ದಿನ ಅಕ್ಕಾರು ತೂಕದ ಮಶಿನ್, ಪ್ರಿಂಟರ್, ಕತ್ತರಿ ಎಲ್ಲಾ ಸಾಲಾಗಿ ಇಟ್ಟು, ಕಪಾಟದಾಗ ಸತ್ತ ಬಿದ್ದಿದ್ದ ಇದನ್ನೂ ಕೂಡಿಸಿದ್ರು. ಪೂಜಿ ಆದ ಮ್ಯಾಲ, "ಪೂಜಿ ಮಾಡಿಸ್ಕೊಂಡದ್ದನ್ನ ಕತ್ತಲಾಗ ನೂಕಬಾರದು" ಅಂತ ಕರೆಂಟು, ಖಾಲಿ ಇದ್ದ ನೆಟ್ ವಾಯರು ಎರಡೂ ಚುಚ್ಚಿದ್ರು. ಇದೂ ಒಂದ ಕಾಲಕ್ಕ ವಿಳಾಸ ಹೇಳೂ ಡಬ್ಬಿನ, ಜೀವಾ ಬಂದ ಕೂಡಲೆ ಕೇಳಿದವ್ರಿಗೆಲ್ಲಾ ತನ್ನ ಹಳೇ ಹಾದಿ ಹೇಳಾಕ ಹತ್ತಿತ್ತು. ನಾ ಅಲ್ಲೇ ನಿಂತು ಚುರಮರಿ ತಿನ್ನಾಕತ್ತಿದ್ನಿ, ನೋಡಿಯೂ ನೋಡಿರಲಿಲ್ಲ.

"ಅಕ್ಕಾ, ಆ ಡಬ್ಬಿ ಬಂದ್ ಮಾಡಲೇನ್ರಿ?"

"ಮುಟ್ಟಿ ನೋಡ್ರಿ. ನೀವು ಮುಟ್ಟಿದ್ದೆಲ್ಲಾ ಏನಾಗೈತಿ, ಕಾಣಾಕತ್ತೈತಲ್ಲ."

ಹೇಳೀನಂದ್ರ ಯಾರು ನಂಬತಾರ? ನೀವ ಚಾಲೂ ಮಾಡಿಟ್ಟೀರಿ ಅಂತಿದ್ರು. ಅಕ್ಕಾರ ಮಾತ ಮೀರಿ ಅದನ್ನ ಕೀಳಾವ್ರು ಆಫೀಸಿನ್ಯಾಗ ಸಾಹೇಬ್ರೊಬ್ಬರ. ಅವರ ಕೀಳಬೇಕು, ನಾ ಹೇಳಬಾರದು.

ಸಾಹೇಬ್ರ ಫೋನು ಊಟದ ಹೊತ್ತಿಗೆ ಸಾಯತಿತ್ತು. ಅವರು ಕೈ ತೊಳ್ಯಾಕ ಹೋದಾಗ ಅವರ ಕ್ಯಾಬಿನ್ ಬೋರ್ಡಿನ ಫ್ಯೂಜ್ ನನ್ನ ಕಿಸೆಕ್ಕ ಬಂತು. ಹೊರಗಿನ ಖಾಲಿ ಪ್ಲಗ್ಗಿಗೆಲ್ಲಾ ಒಂದೊಂದು ಕೆಲಸಾ ಹಚ್ಚಿದ್ನಿ, ಒಂದಕ್ಕ ಫ್ಯಾನು, ಇನ್ನೊಂದಕ್ಕ ನನ್ನ ಫೋನು. ಕುಂತ್ನಿ. ಕಿಸೆದಾಗಿನ ಫ್ಯೂಜ್ ಬೆವರಿಗೆ ಹಸಿ ಆತು.

ಚಾರ್ಜರ್ ಹಿಡಕೊಂಡು ಸಾಹೇಬ್ರು ಹೊರಗ ಬಂದ್ರು. ಪ್ರಿಂಟರ್ ಪ್ಲಗ್ಗಿಗೆ ಕೈ ಹಾಕಿದ್ರ ಅಕ್ಕಾರು, "ಪಾವತಿ ಬರಾಕತ್ತಾವ್ರಿ" ಅಂದ್ರು. ಸಾಹೇಬ್ರು ನನ್ನ ಕಡೆ ತಿರಗಿದ್ರು.

"ನಂದು ಕೀಳ್ರಿ ಸಾಹೇಬ್ರ, ಧಾರಾಳ ಕೀಳ್ರಿ," ಅಂದ್ನಿ, ಹಲ್ಲ ಕಿಸದು.

ಅವರು ನನ್ನ ಹಲ್ಲ ನೋಡಿದ್ರು, ಪ್ಲಗ್ ನೋಡಿದ್ರು. ನಾ ಕೊಟ್ಟದ್ದನ್ನ ಆ ಆಫೀಸಿನ್ಯಾಗ ಯಾರೂ ಮುಟ್ಟೂದಿಲ್ಲ. ಹಿಂದ ಸರದು ದೇವರ ಹಲಗಿ ಕಡೆ ಹ್ವಾದ್ರು.

"ಸಾಹೇಬ್ರ, ಅದು ಪೂಜಿದು..."

"ಪೂಜಿ ಮುಗದೈತ್ರಿ ಅಕ್ಕಾರ. ಚೇರ್ಮನ್ ಫೋನ್ ಬರೂದೈತಿ ನನಗ."

ಹಸರ ದೀಪಾ ಆರಿತು.

ಸಂಜಿಕ ಫ್ಯೂಜ್ ಮತ್ತ ಬೋರ್ಡಿಗೆ ಹೋತು. ಆದ್ರ ಕಂಪ್ಯೂಟರ್ ಬಂದ್ ಮಾಡಿ ಮತ್ತ ಚಾಲೂ ಮಾಡೂ ತನಕ ಫರಕ ಕಾಣೂದಿಲ್ಲ. ಐತವಾರ ಪೂರಾ ನನ್ನ ಜೀವಾ ಆ ಹಲಗಿ ಮ್ಯಾಲ. ಅಕ್ಕಾರು ಹೋಗೂ ಮುಂದ ಮತ್ತ ಚುಚ್ಚಿದ್ರ ಏನ ಗತಿ? ಸೋಮವಾರ ಮೊದಲ ಬಸ್ಸಿಗೆ ಹೋಗಿ, ಸಾಹೇಬ್ರು ಬಂದು ಕದಾ ತೆರಿಯೂ ತನಕ ಪಾವಟಿಗಿ ಮ್ಯಾಲ ಕುಂತ್ನಿ. ಒಳಗ ಹೋದ್ರ ಸಾಹೇಬ್ರ ಚಾರ್ಜರ್ ಹಂಗ ಜೋತು ಬಿದ್ದಿತ್ತು, ಡಬ್ಬಿ ತಣ್ಣಗಿತ್ತು.

ಅಕ್ಕಾರು ಪಾಸ್‌ವರ್ಡ್ ಹೊಡದ್ರು. ಸೀರಿ ಸೆರಗ ಸರಿ ಮಾಡ್ಕೊಳ್ಳೂದ್ರಾಗ ತೆರೀತು. ಬಾಜೂದವನದೂ ತೆರೀತು. ಎಲ್ಲಾರೂ ನನ್ನ ಕಡೆ ನೋಡಿದ್ರು.

"ಬಿಚ್ಚಿದ್ರಲ್ರಿ ಗಂಟು," ಅಂದ್ರು ಸಾಹೇಬ್ರು.

"ಸಾಹೇಬ್ರ, ನಿಮ್ಮ ಕಣ್ಣ ಮುಂದ ಒಳಗ ಬಂದೇನಿ. ಚೀಲಾ ಇನ್ನೂ ಹೆಗಲ ಮ್ಯಾಲ ಐತಿ. ಶನಿವಾರ ಯಾರರ ಏನರ ಕಿತ್ತಿದ್ರ ಅವರನ್ನ ಕೇಳ್ರಿ."

ಅಕ್ಕಾರು ಸಾವಕಾಶ ಸಾಹೇಬ್ರ ಕಡೆ ತಿರಗಿದ್ರು. ಸಾಹೇಬ್ರು ತಮ್ಮ ಚಾರ್ಜರ್ ನೋಡಿದ್ರು. ಡಬ್ಬಿ ಮತ್ತ ಚುಚ್ಚಿ, ಒಂದ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ್ರು. ಗಾಲಿ ತಿರಗಿತು. ಕಿತ್ತು ನೋಡಿದ್ರು. ಟಣ್ಣ ಅಂತ ತೆರೀತು.

"ನನಗ ಶನಿವಾರನ ಡೌಟ್ ಇತ್ತು," ಅಂದ್ರು.

ಕಮಿಟ್ಯಾಗ ಅವರಿಗೆ ಹಾರ ಹಾಕಿದ್ರು. ಅದ ಖುಷ್ಯಾಗ ನನ್ನ ಆರ್ಡರಿಗೂ ಸಹಿ ಬಿತ್ತು. ಆಮ್ಯಾಲಿಂದ ಸಾಹೇಬ್ರು ಹುಕ್ಕೇರಿಗೆ ಹ್ವಾದ್ರೂ ಅದ ಕತಿ, ಮೂಡಲಗಿಗೆ ಹ್ವಾದ್ರೂ ಅದ ಕತಿ. ಆ ಡಬ್ಬಿ ಬಿಸಿಗೆ ಕಂಪ್ಯೂಟರ್ ಮಂದ ಆಗಿದ್ವು ಅಂತಾರ. ನಾ ಬಾಜೂಕ ಕುಂತು, ಹೌದ್ರಿ ಬಿಸಿ, ಭಾಳ ಬಿಸಿ ಅಂತೇನಿ. ನನ್ನ ಜೀವಮಾನದ ಪೈಲಾ ನಂಬರ್ ಚಾಷ್ಟಿ ಅದು, ಮತ್ತ ಬಾಯಿ ಬಿಡಾಕ ಬರೂದಿಲ್ಲ.

ಡಬ್ಬಿ ಕಪಾಟಕ್ಕ ಹೋತು. ಪ್ರತಿ ಖಂಡೇ ಪೂಜಿಗೆ ಅಕ್ಕಾರು ಅದನ್ನ ತಗದು ವಿಭೂತಿ ಹಚ್ಚತಾರ. ಆಮ್ಯಾಲ ಅದರ ಕರೆಂಟಿನ ವಾಯರ್ ಹುಡುಕತಾರ.

"ಕಾಕಾರ, ಇದರ ವಾಯರ್ ಕಂಡೀರೇನ್ರಿ?"

"ಇಲ್ರಿ ಅಕ್ಕಾ," ಅಂತೇನಿ. ಅದು ಅಂಕಲಗ್ಯಾಗ, ನಮ್ಮ ಮನಿ ಜ್ವಾಳದ ಹಿಟ್ಟಿನ ಡಬ್ಬಿ ಹಿಂದ ಐತಿ. ಅಕ್ಕಾರು ಮಾತ್ರ ಈ ಮಾತನ್ನ ತಟ್ಟನ ನಂಬಿ, ಬ್ಯಾರೆ ಕಪಾಟ ಹುಡುಕಾಕ ಹೋಗತಾರ.