ತೋಳು ನೋಡುತ್ತಿದ್ದ ವಾರಿಜಾ ಸಿಸ್ಟರ್

ವಾರಿಜಾ ಸಿಸ್ಟರ್ ಮಕ್ಕಳ ಮುಖ ನೋಡುವುದಕ್ಕೆ ಮೊದಲು ತೋಳು ನೋಡುತ್ತಿದ್ದರು. ಶಾಲೆಯ ಜಗುಲಿ ಹತ್ತಿ, ಕೊಡೆ ಮಡಚಿ ಮೂಲೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಎಡಗೈಗಳೆಲ್ಲ ಬನ್ನಿ" ಎನ್ನುತ್ತಿದ್ದರು. ಮಕ್ಕಳು ನಗುತ್ತಾ ಸಾಲು ನಿಲ್ಲುತ್ತಿದ್ದವು. ಒಬ್ಬೊಬ್ಬರ ಅಂಗಿಯ ತೋಳನ್ನು ಮೇಲೆತ್ತಿ, ಭುಜದ ಕೆಳಗೆ ಎರಡು ಬೆರಳು ಆಡಿಸಿ, ಹುಟ್ಟಿದಾಗ ಹಾಕಿದ ಬಿಸಿಜಿ ಸೂಜಿಯ ಕಲೆ ಹುಡುಕುತ್ತಿದ್ದರು. ಆಮೇಲೆ ಬಗ್ಗಿ ಎದೆಗೆ ಕಿವಿ ಇಡುತ್ತಿದ್ದರು. ಕೊರಳಲ್ಲಿ ಸ್ಟೆತಸ್ಕೋಪ್ ಇಲ್ಲದ ನರ್ಸಮ್ಮ ಹೀಗೆ ಕಿವಿ ಇಟ್ಟು ಕೇಳುವುದು ನನಗೆ ತಮಾಷೆಯಾಗಿ ಕಾಣುತ್ತಿತ್ತು. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾದವು.

ಬಾಳೂರಿನ ಕಡೆಯ ಒಂದು ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಸುತ್ತಿನ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳವು. ಅಪ್ಪ ಅಮ್ಮ ಕೆಲಸ ಬದಲಿಸಿದರೆ ಮಕ್ಕಳ ಶಾಲೆಯೂ ಬದಲು. ಹೊಸದಾಗಿ ಸೇರುವ ಮಗುವಿನ ಲಸಿಕೆ ಕಾರ್ಡಿನ ನಕಲು ಇಟ್ಟುಕೊಳ್ಳಬೇಕು, ಕಾರ್ಡ್ ಇಲ್ಲದವರ ಪಟ್ಟಿಯನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು ಎಂದು ಮೇಲಿನಿಂದ ಪತ್ರ ಬಂದಿತ್ತು. ನಾನು ಕಾಗದದ ಮನುಷ್ಯ. ಕಾರ್ಡ್ ಇದ್ದರೆ ಮುಗಿಯಿತು, ಕಾಲಂ ತುಂಬಿತು. ಉಪಕೇಂದ್ರದ ನರ್ಸ್ ಆಗಿದ್ದ ವಾರಿಜಾ ಸಿಸ್ಟರಿಗೆ ಕಾಗದದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ಕಾರ್ಡ್ ಸೋರೋ ಮನೇಲಿ ನೆನೆಯತ್ತೆ, ಇಲಿ ತಿನ್ನತ್ತೆ, ಅಕ್ಕನ ಮಗೂದು ತಂಗಿ ಮಗೂಗೆ ಬರತ್ತೆ. ತೋಳು ಎಲ್ಲಿಗೆ ಹೋಗತ್ತೆ ಮಾರಾಯ್ರೇ?" ಎನ್ನುತ್ತಿದ್ದರು.

ಒಮ್ಮೆ ಇಲಾಖೆಯಿಂದ ತಪಾಸಣೆಗೆಂದು ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು. ಕಾರ್ಡುಗಳ ಫೈಲು ತೋರಿಸಿ ಎಂದು ಗದರಿದರು. ಸಿಸ್ಟರ್ ಸಮಾಧಾನವಾಗಿ, "ಸರ್, ಮೊದಲು ನಿಮ್ಮದು ನೋಡ್ತೀನಿ" ಎಂದು ಅವರ ಅಂಗಿಯ ತೋಳು ಮೇಲೆತ್ತಿಯೇಬಿಟ್ಟರು! ದೊಡ್ಡ ಕಲೆಯೊಂದು ಕಂಡಿತು. "ಇದು ಕೀವಾಗಿ ಮಾಗಿದ್ದು. ಅಮ್ಮ ಹೆದರಿ ಅರಿಶಿನ ಮೆತ್ತಿರ್ಬೇಕು, ಹೌದಾ?" ಎಂದರು. ಅಧಿಕಾರಿ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಹೌದೆಂದು ನಕ್ಕರು. ಫೈಲು ನೋಡದೆ ಚಹಾ ಕುಡಿದು ಹೋದರು. ನಾನು ಎರಡು ದಿನ ಕೂತು ಹೊಲಿದಿದ್ದ ಫೈಲು ಅದು.

ಜಿಗಣೆ, ಕೆಸರು, ಏರು ದಾರಿ ಯಾವುದನ್ನೂ ಅವರು ನೆಪ ಮಾಡಿದವರಲ್ಲ. ಒಂದು ಮಗು ತಪ್ಪಿಸಿಕೊಂಡರೆ ಮೇಸ್ತ್ರಿಯನ್ನು ಕೇಳಿ, ಎಸ್ಟೇಟ್ ಜೀಪು ಹತ್ತಿ, ಕಾಫಿ ಕೊಯ್ಯುವ ಹೆಂಗಸರ ನಡುವೆ ಹೋಗಿ ಅದರ ತಾಯಿಯನ್ನು ಹಿಡಿಯುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ಮನೆ ಜೊತೆಗೆ ನಿಂತು ನಾಲ್ಕು ಗೊಂಚಲು ಹಣ್ಣು ಬಿಡಿಸಿ ಅವಳ ಚೀಲಕ್ಕೆ ಹಾಕುತ್ತಿದ್ದರು. ಬೈಯುವುದಿದ್ದರೆ ಅದನ್ನು ನನಗೆ ಮೀಸಲಿಟ್ಟಿದ್ದರು.

ದೇವಿಕಾ ನಮ್ಮ ಶಾಲೆಗೆ ಸೇರಿದ ವರ್ಷ ಆ ಬೈಗುಳಕ್ಕೆ ತಕ್ಕ ಕೆಲಸವನ್ನೇ ನಾನು ಮಾಡಿದ್ದೆ.

ಜೂನ್ ತಿಂಗಳ ಒಂದು ಬೆಳಗ್ಗೆ ರತ್ನ ಎಂಬ ಹೆಂಗಸು ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದಳು. ಕಳಸದ ಕಡೆಯ ಎಸ್ಟೇಟು ಬಿಟ್ಟು ಹಿಂದಿನ ವರ್ಷ ನಮ್ಮ ಪಕ್ಕದ ಎಸ್ಟೇಟಿಗೆ ಬಂದ ಸಂಸಾರ. ಜನನ ಪ್ರಮಾಣಪತ್ರ ಇರಲಿಲ್ಲ. ಲಸಿಕೆ ಕಾರ್ಡ್ ಕೇಳಿದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕಾರ್ಡೊಂದನ್ನು ತೆಗೆದುಕೊಟ್ಟಳು. ಮಗುವಿನ ಹೆಸರು ದೇವಿಕಾ, ತಾಯಿ ರತ್ನ, ಒಂದೂವರೆ ವರ್ಷದವರೆಗಿನ ಎಲ್ಲ ಸೂಜಿಗಳ ತಾರೀಖುಗಳೂ ನೀಟಾಗಿ ತುಂಬಿದ್ದವು. ಅದರ ಪ್ರಕಾರ ಮಗುವಿಗೆ ಏಳು ದಾಟಿತ್ತು. ನನ್ನೆದುರು ನಿಂತ ಹುಡುಗಿ ಐದರ ಹಾಗೆ ಕಾಣುತ್ತಿದ್ದಳು. ನಮ್ಮ ಕಡೆ ಮೇಷ್ಟರುಗಳು ಲೈನ್ ಮನೆಯ ಮಕ್ಕಳಿಗೆ ಹುಟ್ಟಿದ ದಿನವನ್ನು ತಾವೇ ಅಂದಾಜಿನಲ್ಲಿ ಬರೆದುಕೊಂಡು ಬಂದ ಪದ್ಧತಿ ಹಳೆಯದು. ಜೂನ್ ಒಂದರಂದು ಹುಟ್ಟಿದವರೇ ನಮ್ಮ ರಿಜಿಸ್ಟರಿನಲ್ಲಿ ಹೆಚ್ಚು. ಹಾಗಿರುವಾಗ ಸರ್ಕಾರದ ಮೊಹರಿದ್ದ ಕಾರ್ಡೇ ಸಿಕ್ಕಿದ ಖುಷಿಯಲ್ಲಿ, ಊಟ ಸಾಲದೆ ಬೆಳೆದಿಲ್ಲ ಎಂದುಕೊಂಡು, ಆ ತಾರೀಖನ್ನೇ ದಾಖಲಾತಿ ಪುಸ್ತಕಕ್ಕೆ ಏರಿಸಿದೆ.

ಮುಂದಿನ ವಾರ ಸಿಸ್ಟರ್ ಬಂದರು. ದೇವಿಕಾಳ ತೋಳಿನ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಬಲಗೈಯನ್ನೂ ನೋಡಿದರು.

"ಇದಕ್ಕೆ ಸೂಜಿ ಬಿದ್ದಿಲ್ಲ" ಎಂದರು.

"ಕಾರ್ಡ್ ಇದೆಯಲ್ಲ ಸಿಸ್ಟರ್, ಎಲ್ಲಾ ಆಗಿದೆ" ಎಂದು ಫೈಲು ತೆಗೆದು ಕೊಟ್ಟೆ. ಕೆಲವರಿಗೆ ಕಲೆ ಮೂಡುವುದಿಲ್ಲ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಅದನ್ನೂ ನೆನಪಿಸಿದೆ.

ಅವರು ಕಾರ್ಡನ್ನು ನೋಡುತ್ತಾ ನನ್ನ ಮುಂದಿನ ಬೆಂಚಿನ ಮೇಲೆ ಕೂತರು. ಎಂದೂ ಕೂತು ಗೊತ್ತಿಲ್ಲದ ಹೆಂಗಸು ಕೂತದ್ದು ನೋಡಿ ನನಗೆ ಗಾಬರಿಯಾಯಿತು. "ಇದು ನನ್ನ ಕೈಬರಹ ಮೇಷ್ಟ್ರೇ" ಎಂದರು. "ಈ ಕಾರ್ಡಿನ ಮಗು ಈಗ ಇಲ್ಲ."

ಆಮೇಲೆ ನಿಧಾನವಾಗಿ ಹೇಳಿದರು. ಹಿಂದೆ ಅವರು ಕಳಸದ ಕಡೆಯ ಉಪಕೇಂದ್ರದಲ್ಲಿದ್ದಾಗ ರತ್ನಳ ಮೊದಲ ಮಗುವಿಗೆ ಒಂದೂವರೆ ವರ್ಷದ ಸೂಜಿ ಹಾಕಿದ್ದರು. ನಾಲ್ಕನೇ ದಿನ ಮಗುವಿಗೆ ಉಸಿರು ಕಟ್ಟಿತು. ಮೂಡಿಗೆರೆ ಆಸ್ಪತ್ರೆಗೆ ಒಯ್ಯುವಾಗ ಜೀಪಿನಲ್ಲೇ ಹೋಯಿತು. ಎಸ್ಟೇಟಿನ ಅಂಚಿನಲ್ಲಿ ಮಣ್ಣು ಮಾಡಿದರು. ಹುಟ್ಟಿದ್ದನ್ನೂ ಬರೆಸಿರಲಿಲ್ಲ, ಸತ್ತದ್ದನ್ನೂ ಬರೆಸಲಿಲ್ಲ. ಎರಡು ವರ್ಷ ಕಿರಿಯಳಾದ ಎರಡನೆಯ ಮಗು ರತ್ನಳ ತವರಿನಲ್ಲಿ, ಮನೆಯಲ್ಲೇ ಹುಟ್ಟಿದ್ದು ಆಮೇಲೆ ಅವರ ಕಿವಿಗೆ ಬಿದ್ದಿತ್ತು. ಹೋದದ್ದೇ ತಿರುಗಿ ಬಂತು ಎಂದು ಅತ್ತೆ ಅದೇ ಹೆಸರಿಟ್ಟಳಂತೆ.

"ಅದು ಸೂಜಿಯಿಂದ ಹೋಗಿದ್ದಲ್ಲ ಮೇಷ್ಟ್ರೇ, ಎದೆ ಕಟ್ಟಿ ಹೋಗಿದ್ದು. ನಂಗೊತ್ತು. ಸೂಜಿ ಹಾಕೋವಾಗ ಸಣ್ಣಗೆ ಕೆಮ್ಮುತಿತ್ತು. ಸಣ್ಣ ಕೆಮ್ಮಿಗೆಲ್ಲ ಸೂಜಿ ನಿಲ್ಲಿಸೋದಿಲ್ಲ, ಅದು ಸರಿಯೇ. ಆದ್ರೆ ನಾನು ಒಂದ್ಸಲ ಎದೆಗೆ ಕಿವಿ ಇಡ್ಬೇಕಿತ್ತು. ಆವತ್ತು ಇನ್ನೂ ಎರಡು ಲೈನ್ ಬಾಕಿ ಇತ್ತು. ಇಡ್ಲಿಲ್ಲ."

ಸಂಜೆ ರತ್ನಳನ್ನು ಕರೆಸಿದೆ. ಸಿಸ್ಟರನ್ನು ನೋಡಿದ್ದೇ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ಅವರು ಲೈನಿಗೆ ಬಂದಾಗಲೆಲ್ಲ ಮಗುವನ್ನು ಎತ್ತಿಕೊಂಡು ಕಾಫಿ ಗಿಡಗಳ ಸಂದಿಗೆ ಹೋಗಿ ಕೂರುತ್ತಿದ್ದಳಂತೆ. "ಶಾಲೇಲಿ ಕಾರ್ಡ್ ಕೇಳ್ತಾರೆ ಅಂದ್ರು, ಇದ್ದಿದ್ದು ಕೊಟ್ಟೆ ಸರ್" ಎಂದಳು. "ಹೆಸ್ರು ಅದೇ. ಆ ಹೆಸ್ರಿನ ಸೂಜಿನೆಲ್ಲ ಅದು ತಿಂದು ಹೋಯ್ತು. ಇದಕ್ಕೆ ಬೇಡ."

ನಾನು ಕಾನೂನು, ಕಾಯಿಲೆ ಎಂದು ಏನೇನೋ ಒದರತೊಡಗಿದೆ. ಸಿಸ್ಟರ್ ಕೈ ಎತ್ತಿ ನನ್ನನ್ನು ತಡೆದರು. "ನನ್ನ ಕೈಯಲ್ಲಿ ಬೇಡ ರತ್ನ, ಬೇರೆ ಸಿಸ್ಟರನ್ನ ಕರ್ಕೊಂಡು ಬರ್ತೀನಿ" ಎಂದರು ಅಷ್ಟೇ. ರತ್ನ ಹೊರಟುಹೋದಳು. ಅದಾದ ಮೇಲೆ ಮೂರು ವಾರ, ಕೆಲಸ ಮುಗಿಸಿ ಹೋಗುವಾಗ ಸಿಸ್ಟರ್ ರತ್ನಳ ಬಾಗಿಲಲ್ಲಿ ಕೂತು ಹೋಗುತ್ತಿದ್ದರು. ಸೂಜಿಯ ಮಾತೇ ಎತ್ತುತ್ತಿರಲಿಲ್ಲವಂತೆ. ಕೊನೆಗೆ ರತ್ನಳೇ ಒಂದು ದಿನ ಮಗಳನ್ನು ಕರೆದುಕೊಂಡು ಶಾಲೆಗೆ ಬಂದಳು.

"ನೀವೇ ಹಾಕಿ. ಬೇರೆಯವ್ರು ಬೇಡ. ಏನಾದ್ರೂ ಆದ್ರೆ ಯಾರ ಸೆರಗು ಹಿಡೀಬೇಕು ಅಂತ ನಂಗೆ ಗೊತ್ತಿರ್ಬೇಕು."

ಸಿಸ್ಟರ್ ಮಗುವಿನ ಎದೆಗೆ ಕಿವಿ ಇಟ್ಟರು. ಅವತ್ತು ಅವರು ಎಷ್ಟು ಹೊತ್ತು ಹಾಗೇ ಬಗ್ಗಿದ್ದರು ಎಂದರೆ ಮಕ್ಕಳೆಲ್ಲ ಸುಮ್ಮನಾದವು. ಆಮೇಲೆ ಸೂಜಿ ಹಾಕಿದರು. ರಜೆ ಬರೆದುಕೊಟ್ಟು ನಾಲ್ಕು ದಿನ ಲೈನಿನಲ್ಲೇ ರತ್ನಳ ಬಾಗಿಲಿನ ಹೊರಗೆ ಕೂತರು. ಎರಡನೆಯ ದಿನ ಮಗುವಿಗೆ ಸಣ್ಣ ಜ್ವರ ಬಂತು, ಇಳಿಯಿತು. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ನಾನೂ ಹೋಗಿದ್ದೆ. ಹುಡುಗಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಇಬ್ಬರು ಹೆಂಗಸರೂ ಅವಳನ್ನು ನೋಡುತ್ತಾ ಕೂತಿದ್ದರು. ಒಬ್ಬಳು ಒಳಗೆ, ಒಬ್ಬರು ಹೊರಗೆ, ಮಧ್ಯೆ ಹೊಸಿಲು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆಡುತ್ತಿದ್ದವಳನ್ನು ಬಿಟ್ಟು ಅವರು ಇನ್ನಾರನ್ನೋ ನೋಡುತ್ತಿದ್ದಾರೆ ಅನ್ನಿಸಿಬಿಟ್ಟಿತು. ಮಾರನೆಯ ದಿನ ಸಿಸ್ಟರ್ ಹೊಸ ಕಾರ್ಡ್ ಬರೆದು, ಬಾಕಿ ಸೂಜಿಗಳನ್ನು ತಿಂಗಳು ತಿಂಗಳಿಗೆ ಒಂದೊಂದಾಗಿ ಮುಗಿಸಿದರು. ಹಳೆಯ ಕಾರ್ಡನ್ನು ರತ್ನಳಿಗೇ ಹಿಂದಿರುಗಿಸಿದರು.

ಉಳಿದದ್ದು ನನ್ನ ಪುಸ್ತಕ. "ಅದನ್ನ ತಿದ್ದಿ ಮೇಷ್ಟ್ರೇ" ಎಂದರು ಸಿಸ್ಟರ್. "ತಿದ್ದದಿದ್ರೆ ಇವಳಿಗೆ ಹದಿನಾರಕ್ಕೇ ಹದಿನೆಂಟಾಗತ್ತೆ. ಲೈನಿನಲ್ಲಿ ಹೆಣ್ಮಕ್ಕಳಿಗೆ ಆ ಎರಡು ವರ್ಷ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಲ್ಲ? ಅರ್ಜಿ ನೀವು ಹಾಕ್ಬೇಕು. ಇಬ್ಬರು ಮಕ್ಕಳಿದ್ರು ಅಂತ ನಾನು ಬಂದು ಹೇಳ್ತೀನಿ, ಬರ್ಕೊಡ್ತೀನಿ."

ನಾನು ಆಯಿತೆಂದೆ. ಅರ್ಜಿಯ ಜೊತೆ ನನ್ನ ವಿವರಣೆಯನ್ನೂ ಕೊಡಬೇಕಿತ್ತು. ಸತ್ತ ಮಗುವಿನ ದಾಖಲೆ ನೋಡಿ ಬದುಕಿದ ಮಗುವನ್ನು ಸೇರಿಸಿಕೊಂಡೆ ಎಂದು ನಾನೇ ಕೈಯಾರೆ ಬರೆದುಕೊಟ್ಟರೆ ನೋಟಿಸು ಬರುತ್ತದೆ ಎಂದು ಹೆದರಿದೆ. ಬೇರೆ ಕಾರಣ ಇರಲಿಲ್ಲ. ಇವತ್ತು ನಾಳೆ ಎನ್ನುತ್ತಾ ವರ್ಷಗಳನ್ನು ದೂಡಿದೆ. ಅಷ್ಟರಲ್ಲಿ ಶಾಲೆಯ ತಾರೀಖು ನೋಡಿಯೇ ಅವಳ ಆಧಾರ್ ಆಯಿತು. ಬೆಳಗ್ಗೆ ಹಾಜರಿ ಕರೆಯುವಾಗ ದೇವಿಕಾ ಎಂದೊಡನೆ "ಹಾಜರ್ ಸರ್" ಎಂಬ ಪುಟ್ಟ ದನಿ ಬರುತ್ತಿತ್ತು. ನನ್ನ ಪುಸ್ತಕದಲ್ಲಿ ಮಣ್ಣಲ್ಲಿರುವ ಮಗು ಪ್ರತಿದಿನ ಶಾಲೆಗೆ ಬರುತ್ತಿತ್ತು, ಎದುರಿಗೆ ಕೂತವಳು ಹುಟ್ಟಿಯೇ ಇರಲಿಲ್ಲ. ಪೆನ್ನು ಮಾತ್ರ ಅಭ್ಯಾಸದಂತೆ ಗುರುತು ಹಾಕಿ ಮುಂದಕ್ಕೆ ಹೋಗುತ್ತಿತ್ತು.

ಸಿಸ್ಟರ್ ಮರೆಯಲಿಲ್ಲ. ಐದನೇ ತರಗತಿಯ ಮಕ್ಕಳಿಗೆ ಸೂಜಿ ಹಾಕಲು ಬಂದಾಗ ದೇವಿಕಾಳ ತೋಳು ಹಿಡಿದುಕೊಂಡೇ ನನ್ನ ಕಡೆ ನೋಡಿದರು. "ಆಯ್ತಾ?" ಎಂದರು. "ಆಗ್ತಾ ಇದೆ" ಎಂದೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೋಗುವಾಗಲೂ ಕೇಳಿದರು.

ನಿವೃತ್ತಿಯಾದ ಮೇಲೆ ಅವರು ಆಲ್ದೂರಿನಲ್ಲಿ ತಮ್ಮನ ಮನೆಯಲ್ಲಿದ್ದರು. ಹೃದಯದ ಕಾಯಿಲೆ ಜೋರಾಗಿದೆ ಎಂದು ಕೇಳಿ, ಎರಡು ವರ್ಷದ ಹಿಂದೆ, ಬೆಟ್ಟಗಳಲ್ಲಿ ಕಾಫಿ ಹೂ ಅರಳಿದ್ದ ವಾರದಲ್ಲಿ ನೋಡಲು ಹೋದೆ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಉಸಿರಿಗೆ ಕಷ್ಟವಾಗುತ್ತಿತ್ತು. "ಈಗ ನನ್ನ ಎದೆಗೆ ಎಲ್ಲರೂ ಕಿವಿ ಇಡ್ತಾರೆ" ಎಂದು ನಕ್ಕರು. ಶಾಲೆ, ಮಕ್ಕಳು, ಹೊಸ ಸಿಸ್ಟರ್ ಮೊಬೈಲಿನಲ್ಲೇ ಎಲ್ಲ ದಾಖಲೆ ಮಾಡುವುದು, ಎಲ್ಲವನ್ನೂ ಕೇಳಿದರು. ಹೊರಡುವಾಗ ನನ್ನ ಕೈ ಹಿಡಿದರು.

"ದೇವಿಕಾಂದು ತಿದ್ದಿಸಿದ್ರಾ?"

"ತಿದ್ದಿಸಿದೆ ಸಿಸ್ಟರ್" ಎಂದೆ.

ಅವರು ಕಣ್ಣು ಮುಚ್ಚಿದರು. "ಅಬ್ಬ" ಎಂದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮುಂದಿನ ತಿಂಗಳು ತೀರಿಹೋದರು ಎಂದು ಸುದ್ದಿ ಬಂತು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಈ ವರ್ಷ ದೇವಿಕಾ ನನ್ನ ಮನೆಯ ಬಾಗಿಲಿಗೆ ಬಂದಳು. ಪಿಯುಸಿ ಓದುತ್ತಿದ್ದಾಳೆ. ಅವಳಪ್ಪ ಮದುವೆ ಗೊತ್ತು ಮಾಡಿದ್ದ. "ಆಧಾರ್ ಪ್ರಕಾರ ಹದಿನೆಂಟಾಗಿದೆ, ಯಾರೂ ಕೇಳೋ ಹಾಗಿಲ್ಲ ಅಂತಾರೆ ಸರ್ ಅಪ್ಪ. ನಂಗೆ ಹದಿನಾರು. ಅಮ್ಮಂಗೆ ಗೊತ್ತು, ನಿಮಗೂ ಗೊತ್ತು ಅಂದ್ಲು. ನೀವು ಬರ್ಕೊಡಿ ಸರ್, ನಾನು ಓದ್ಬೇಕು" ಎಂದಳು.

ಈ ಸಲ ನೋಟಿಸಿಗೆ ಹೆದರಲಿಲ್ಲ. ಅವಳನ್ನೂ ರತ್ನಳನ್ನೂ ಕರೆದುಕೊಂಡು ಬಾಲ್ಯವಿವಾಹ ತಡೆಯುವ ಮೂಡಿಗೆರೆಯ ಕಚೇರಿಗೆ ಹೋಗಿ, ನಡೆದದ್ದನ್ನೆಲ್ಲ ನನ್ನ ತಪ್ಪಿನ ಸಮೇತ ಬರೆದುಕೊಟ್ಟೆ. ಅಲ್ಲಿದ್ದ ಅಧಿಕಾರಿಣಿ ಒಳ್ಳೆಯ ಹೆಣ್ಣುಮಗಳು. ಎರಡೂ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಹೆಸರು ಒಂದೇ, ತಾಯಿ ಒಬ್ಬರೇ. ಮೊದಲಿನದು ಕಳೆದುಹೋಗಿ ಇನ್ನೊಂದು ಮಾಡಿಸಿದ್ದು ಅಂತ ಯಾರಾದರೂ ಅಂದರೆ?" ಎಂದಳು. "ಶಾಲೆಯ ದಾಖಲೆ ನೀವೇ ಮಾಡಿದ್ದು, ಈಗ ಅಲ್ಲ ಅನ್ನುತ್ತಿರುವವರೂ ನೀವೇ. ಆ ಕಾರ್ಡ್ ಕೊಟ್ಟವರು ಈ ತಾಯಿ. ನಿಮ್ಮಿಬ್ಬರ ಮಾತು ಸಾಲದು ಸರ್." ಆಮೇಲೆ ಎರಡು ಕಾರ್ಡುಗಳಲ್ಲೂ ಒಂದೇ ಇದ್ದ ಕೈಬರಹದ ಮೇಲೆ ಬೆರಳಿಟ್ಟಳು. "ಇವರು ಇಬ್ಬರು ಮಕ್ಕಳನ್ನೂ ನೋಡಿದಾರಲ್ಲ. ಇವರು ಬಂದು ಒಂದು ಮಾತು ಹೇಳಿದರೆ ಸಾಕು. ಎಲ್ಲಿದಾರೆ?"

ದೇವಿಕಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಲ್ದೂರಿನಲ್ಲಿದ್ದರು" ಎಂದೆ.