ಇಳಿತಕ್ಕೆ ಊಟ ಹಾಕಿಸುತ್ತಿದ್ದ ಈರಪ್ಪನವರು

ಬೆಳಕೆಯ ಈರಪ್ಪ ನಾಯ್ಕರು ಮುರ್ಡೇಶ್ವರದ ಹೊಟೆಲಿನಲ್ಲಿ ಕೂತು, ತಿಂಡಿ ಕಟ್ಟಿದ ಕಾಗದದ ಹಿಂದೆ ಒಂದು ಗೆರೆ ಎಳೆದು ಎರಡು ದೇಶಗಳ ಸಮುದ್ರದ ಜಗಳ ಮುಗಿಸಿದರು, ಅದೂ ಒಮ್ಮೆಯೂ ಸಿಟ್ಟಾಗದೆ. ಕುಮಟೆಯಿಂದ ಭಟ್ಕಳದವರೆಗೆ ಇದನ್ನೇ ಹೇಳುತ್ತಾರೆ. ಅವರ ತಿಥಿಯ ಊಟದಲ್ಲಿ ನನ್ನ ಪಕ್ಕದ ಎಲೆಯವರೂ ಇದನ್ನೇ ಶುರು ಮಾಡಿದರು. ನಾನು ಅಲ್ಲೇ ತಕರಾರು ತೆಗೆದೆ. ಕಾಗದ ಇತ್ತು, ಒಪ್ಪುತ್ತೇನೆ. ಆದರೆ ಅದು ಹೊಟೆಲಿನಲ್ಲಲ್ಲ, ದೋಣಿಯಲ್ಲಿ. ಎರಡು ದೇಶಗಳೂ ಸುಳ್ಳು ದೇಶಗಳು. ಅದರ ಮೇಲೆ ಈರಪ್ಪನವರ ಕೈಯ ಒಂದು ಚುಕ್ಕೆಯೂ ಇಲ್ಲ. ಇರುವ ಎರಡು ಸಹಿಗಳಲ್ಲಿ ಒಂದು ನನ್ನದು. ಇನ್ನು ಸಿಟ್ಟಿನ ವಿಷಯ: ಅವರು ಸಿಟ್ಟಾದದ್ದನ್ನು ಕಣ್ಣಾರೆ ಕಂಡಿದ್ದೇನೆ, ಯಾಕೆಂದರೆ ಅದಕ್ಕೆ ಕಾರಣ ನಾನೇ.

"ಲಾಯರಮ್ಮ, ಪಾಯಸ ಆರಿಹೋತು ನೋಡಿ," ಅಂದರು ಪಕ್ಕದ ಎಲೆಯವರು.

ಈರಪ್ಪನವರು ಮೂವತ್ತು ವರ್ಷ ಸಮುದ್ರದ ಆಳ ಅಳೆಯುವ ಹಡಗಿನಲ್ಲಿದ್ದವರು. ನಿವೃತ್ತರಾಗಿ ಊರಿಗೆ ಬಂದವರನ್ನು ಒಂದು ಸಂಸ್ಥೆ ಹುಡುಕಿಕೊಂಡು ಬಂತು. ಸಮುದ್ರದಲ್ಲಿ ತಮ್ಮ ಗಡಿ ಎಲ್ಲಿ ಮುಗಿಯುತ್ತದೆಂದು ಇನ್ನೂ ಇತ್ಯರ್ಥವಾಗದ ಸಣ್ಣ ದೇಶಗಳ ಅಧಿಕಾರಿಗಳಿಗೆ, ನೆರೆಯವರ ಜೊತೆ ಮಾತುಕತೆಗೆ ಕೂರುವುದು ಹೇಗೆ ಎಂದು ಹತ್ತು ದಿನ ಕಲಿಸಬೇಕಿತ್ತು. ಕೊಂಕಣ ರೈಲು ಶುರುವಾದ ಹೊಸತು. ಹನ್ನೆರಡು ಮಂದಿ ಟೈ ಕಟ್ಟಿಕೊಂಡೇ ಮುರ್ಡೇಶ್ವರ ಸ್ಟೇಶನ್ನಿನಲ್ಲಿ ಇಳಿದರು.

ಅಲ್ಲಿನ ಹೊಟೆಲಿನಲ್ಲಿ ನಡೆಯುತ್ತಿದ್ದ ಪಾಠಕ್ಕೆ ಈರಪ್ಪನವರು ನಮ್ಮ ಕರಾವಳಿಯನ್ನೇ ಎರಡು ದೇಶ ಮಾಡಿದ್ದರು. ಹೊನ್ನಾವರದ ಶರಾವತಿ ಅಳಿವೆಯೇ ನೆಲದ ಗಡಿ. ಅದರಿಂದ ಉತ್ತರಕ್ಕೆ, ಕುಮಟೆಯ ಕಡೆಗೆ, ಬಡಗು ದೇಶ. ದಕ್ಷಿಣಕ್ಕೆ, ಭಟ್ಕಳದ ಕಡೆಗೆ, ತೆಂಕು ದೇಶ. ಅಧಿಕಾರಿಗಳ ಎದುರು ಕೂತು ನಾಚಿಕೆ ಬಿಟ್ಟು ವಾದ ಮಾಡುವ ಒಬ್ಬರು ಬೇಕೆಂದು ಕುಮಟೆಯ ಕಾಲೇಜಿಗೆ ಹೇಳಿಕಳಿಸಿದರು. ಕಾಲೇಜಿನವರು ಯೋಚನೆಯನ್ನೇ ಮಾಡದೆ ನನ್ನನ್ನು ಕಳಿಸಿದರು. ನಾನಾಗ ಬಿ.ಎ. ಎರಡನೇ ವರ್ಷ, ಚರ್ಚಾಸ್ಪರ್ಧೆಯ ಢಾಲುಗಳನ್ನು ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಕುಮಟೆಯವಳಾದ ನನ್ನನ್ನು ಈರಪ್ಪನವರು ತೆಂಕಿನ ಕುರ್ಚಿಯಲ್ಲಿ ಕೂರಿಸಿದರು. ನಿನ್ನೂರಿನ ವಿರುದ್ಧ ಮಾತಾಡೂಕೆ ಬತ್ತದೋ ನೋಡ್ವ ಅಂದರು. ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು.

ಅವರ ಎಡಗೈಯಲ್ಲಿ ಗಡಿಯಾರ, ಅಂಗಿಯ ಕಿಸೆಯಲ್ಲಿ ಭರತಿ-ಇಳಿತದ ಪಟ್ಟಿ. ಊಟದ ಹೊತ್ತು ಗೊತ್ತಾಗುತ್ತಿದ್ದದ್ದು ಗಡಿಯಾರದಿಂದಲ್ಲ, ಪಟ್ಟಿಯಿಂದ. ನೀರು ಪೂರ್ತಿ ಇಳಿದ ಹೊತ್ತಿಗೆ ಹನ್ನೆರಡೂ ಮಂದಿ ಪ್ಯಾಂಟು ಮಡಚಿ ದಡಕ್ಕೆ ಹೋಗಬೇಕು, ನೀರಿನ ಅಂಚಿಗೆ ಕಾಲಿಟ್ಟು ನಿಲ್ಲಬೇಕು, ಆಮೇಲೆಯೇ ಅನ್ನ. ಗಡಿ ಅಳೆಯಲು ಶುರು ಮಾಡುವುದು ಇಳಿತದ ಅಂಚಿನಿಂದ. ಅದನ್ನು ಕಾಲಿನಿಂದ ಮುಟ್ಟದವನು ನಕ್ಷೆಯ ಮೇಲೆ ಕೈಯಾಡಿಸಬಾರದು ಎಂಬುದು ಅವರ ಕಟ್ಟಳೆ. ಇಳಿತವೋ ದಿನಕ್ಕೆ ಐವತ್ತು ನಿಮಿಷ ತಡವಾಗುತ್ತ ಹೋಗುವಂಥದ್ದು. ಮೊದಲ ದಿನ ಹನ್ನೆರಡಕ್ಕೆ ಊಟ, ಎರಡನೇ ದಿನ ಹನ್ನೆರಡೂ ಐವತ್ತಕ್ಕೆ, ಮೂರನೇ ದಿನ ಒಂದೂ ನಲವತ್ತಕ್ಕೆ. ಹೊಟೆಲಿನ ಅಡಿಗೆಯವನು ನಾಲ್ಕನೇ ದಿನ ಕೈಮುಗಿದು, ಈ ಸಮುದ್ರವನ್ನು ಒಂದು ಹೊತ್ತಿಗೆ ನಿಲ್ಲಿಸಿಕೊಡಿ ಎಂದು ಬೇಡಿಕೊಂಡ.

ಆ ಹನ್ನೆರಡು ಮಂದಿಯಲ್ಲಿ ಇಲ್ಯಾಸ್ ಎಂಬವನೊಬ್ಬನಿದ್ದ. ದ್ವೀಪದೇಶದವನು, ಮೀನುಗಾರಿಕೆ ಇಲಾಖೆ, ನನಗಿಂತ ಏಳೆಂಟು ವರ್ಷ ದೊಡ್ಡವನು. ಅವನೂರಿನ ಆಚೆ ನೀರಿನೊಳಗೆ ಒಂದು ದಿಬ್ಬ. ಅವನ ಅಪ್ಪ, ತಮ್ಮಂದಿರು, ಊರಿಗೆ ಊರೇ ಮೀನು ಹಿಡಿಯುವುದು ಅಲ್ಲಿ. ಅದು ತನ್ನದು ಎಂದು ನೆರೆದೇಶ ಹೇಳುತ್ತಿತ್ತು. ಮೂರು ತಿಂಗಳಲ್ಲಿ ನಿಜವಾದ ಮಾತುಕತೆ ಇತ್ತು, ಮತ್ತು ಅವರ ತಂಡದಲ್ಲಿ ಆ ದಿಬ್ಬವನ್ನು ಕಂಡವನು ಇವನೊಬ್ಬನೇ. ದಿಬ್ಬ ಹೋದರೆ ನಾನು ಊರಿಗೆ ಹೋಗುವ ಹಾಗಿಲ್ಲ ಎಂದು ಮೊದಲ ದಿನವೇ, ಹೆಸರು ಹೇಳುವಷ್ಟೇ ಸಲೀಸಾಗಿ ಹೇಳಿದ್ದ. ಈರಪ್ಪನವರು ಅವನನ್ನು ನನ್ನೆದುರಿಗೆ, ಬಡಗಿನ ಕುರ್ಚಿಯಲ್ಲಿ ಕೂರಿಸಿದರು.

ನನ್ನ ಕೈಯಲ್ಲಿದ್ದ ಅಸ್ತ್ರ ಒಂದು ಕಲ್ಲು. ಮುರ್ಡೇಶ್ವರಕ್ಕೂ ಹೊನ್ನಾವರಕ್ಕೂ ನಡುವೆ, ದೊಡ್ಡ ಇಳಿತದಲ್ಲಿ ಮಾತ್ರ ತಲೆಯೆತ್ತುವ ಬಂಡೆ. ತಲೆಯೆತ್ತುವುದು ಹೌದಾದರೆ ಅದು ತೆಂಕಿನ ನೆಲದ ಲೆಕ್ಕಕ್ಕೆ ಬರುತ್ತದೆ, ಸಮುದ್ರದ ಗಡಿಯ ಗೆರೆ ಉತ್ತರಕ್ಕೆ ಸರಿಯುತ್ತದೆ. ಮೂರನೇ ದಿನ ನಾನು ಆ ಕಲ್ಲನ್ನು ಹಿಡಿದು ಇಲ್ಯಾಸನನ್ನು ಅರೆದುಬಿಟ್ಟೆ. ಅವನು ಒಂದು ವಾಕ್ಯ ಮುಗಿಸುವುದರೊಳಗೆ ನಾನು ಮೂರು ಪ್ರಶ್ನೆ ಎಸೆಯುತ್ತಿದ್ದೆ. ಕೊನೆಗೆ ಅವನು ಪೆನ್ನು ಮುಚ್ಚಿಟ್ಟು ಎದ್ದು ಹೋದ. ಊಟಕ್ಕೂ ಬರಲಿಲ್ಲ. ನಾನು ಶಭಾಸ್‌ಗಾಗಿ ಈರಪ್ಪನವರ ಮುಖ ನೋಡಿದೆ. ಅವರ ಕಿವಿ ಕೆಂಪಾಗಿತ್ತು.

"ಗೆದ್ದೆ. ಆತು. ಸಹಿ ಎಲ್ಲಿ?"

ಅವನೇ ಎದ್ದು ಹೋದರೆ ನಾನೇನು ಮಾಡಲಿ ಅಂದೆ.

"ಇಲ್ಲಿ ಗಂಟೆ ಹೊಡೆಯೋ ಜಡ್ಜ್ ಇಲ್ಲ, ತಂಗಿ. ಅವ ಎದ್ದು ಹೋದ್ರೆ ಗೆರೆ ಇಲ್ಲ. ಗೆರೆ ಇಲ್ದಿದ್ರೆ ನಾಳೆ ಅವನ ತಮ್ಮ ಮೀನು ಹಿಡಿಯೂಕೆ ಹೋಗಿ ಜೈಲಿಗೆ ಬೀಳ್ತ. ಅವ ಮನೆಗೆ ಹೋಗಿ ಎಂತ ಹೇಳ್ಬೇಕು? ಅದ್ನ ಯೋಚ್ನೆ ಮಾಡಿದ್ಯಾ?"

ಅದು ಅವನ ತಲೆನೋವು, ನನ್ನದಲ್ಲ. ಕಲ್ಲು ಇರುವುದು ನಿಜ ತಾನೇ ಎಂದು ನಾನೂ ಬಿಡಲಿಲ್ಲ. ಕಲ್ಲು ಕಂಡಿದ್ಯಾ ಎಂದು ಕೇಳಿದರು. ಇಲ್ಲ, ನಕ್ಷೆಯಲ್ಲಿದೆ. ನಕ್ಷೆ ಮಾಡಿದ್ದು ಯಾರು? ನೀವು. "ಹಾಂಗಾರೆ ನನ್ನ ನಂಬ್ಕಂಡು ಜಗಳ ಮಾಡ್ತಿದ್ದೆ. ವಕೀಲಿಗೆ ಲಾಯಕ್ಕಿದ್ದೆ ನೀನು," ಎಂದು ಹೇಳಿ ಹೋದರು. ಇಲ್ಯಾಸನನ್ನು ಮರಳಿ ಕುರ್ಚಿಗೆ ತರಲು ಅವರಿಗೆ ಒಂದು ದಿನ ಹಿಡಿಯಿತು.

ಏಳನೇ ದಿನ ಅಮಾವಾಸ್ಯೆ. ಇಳಿತ ಸಂಜೆ ಐದಕ್ಕೆ, ಅಂದರೆ ಊಟವೂ ಐದಕ್ಕೆ. ಈರಪ್ಪನವರು ಹೊನ್ನಾವರದಿಂದ ಒಂದು ದೋಣಿ ತರಿಸಿದರು. ಅದನ್ನು ನಡೆಸುವ ತಾಂಡೇಲ ಸುಬ್ರಾಯ ಶರಾವತಿಯಾಚೆಯವನು, ನಮ್ಮ ಆಟದ ಪ್ರಕಾರ ಬಡಗು ದೇಶದ ಪ್ರಜೆ. ಚಿತ್ರಾನ್ನ ಕಾಗದದಲ್ಲಿ ಕಟ್ಟಿಸಿಕೊಂಡು ಎಲ್ಲರೂ ಹೊರಟೆವು. ಕಲ್ಲಿನ ಜಾಗದಲ್ಲಿ ಸುಬ್ರಾಯ ಎಂಜಿನ್ ನಿಲ್ಲಿಸಿದ. ಸುತ್ತ ಬರೀ ನೀರು.

ನಾಲ್ಕು ಗಂಟೆ. ನಾಲ್ಕೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು, ಅನ್ನದ ಪೊಟ್ಟಣ ಕಾಲಬುಡದಲ್ಲೇ ಇದ್ದರೂ ಯಾರೂ ಬಿಚ್ಚಲಿಲ್ಲ. ಅಧಿಕಾರಿಗಳು ಎರಡು ಪಾಳಯವಾಗಿ ಬಾಜಿ ಕಟ್ಟಿದರು. ನೀರಿನ ಮೇಲೊಂದು ಕಡೆ ನೊರೆಯ ಉಂಗುರ ಮೂಡಿತು, ಅಳಿಸಿತು, ಮತ್ತೆ ಮೂಡಿತು. ಆಮೇಲೆ ಹಸಿರು ಪಾಚಿಯ ಕೂದಲು ಅತ್ತಿತ್ತ ಆಡುವುದು ಕಂಡಿತು. ಎಲ್ಲರೂ ಒಂದೇ ಬದಿಗೆ ನುಗ್ಗಿ ದೋಣಿ ವಾಲಿತು, ಸುಬ್ರಾಯ ಬೈದ. ಎಲ್ಲಿಂದಲೋ ಒಂದು ನೀರುಕಾಗೆ ಬಂದು, ನೀರ ಮೇಲೆ ನಿಂತಿತು. ಹಾರಲಿಲ್ಲ, ತೇಲಲಿಲ್ಲ, ನಿಂತಿತು! ಅದರ ಕಾಲಡಿಯಲ್ಲಿ ಕಪ್ಪಗೆ ಕಲ್ಲು. ನಾನು ಕೂಗಿದ್ದು ದಡಕ್ಕೂ ಕೇಳಿಸಿರಬೇಕು. ಇಲ್ಯಾಸ್ ಮಾತ್ರ ಕಲ್ಲನ್ನೇ ನೋಡುತ್ತಿದ್ದ.

ಈರಪ್ಪನವರು ನಕ್ಕು, ಕಲ್ಲು ನಿಂದೇ ಅಂದರು. ಈಗ ನೀನೇ ಇಲ್ಯಾಸ್ ಅಂದ್ಕ. ಕಲ್ಲು ಸೋತು ಮನೆಗೆ ಬಂದಿದ್ದೆ. ಸುಬ್ರಾಯಂಗೆ ಹೇಳು.

ನಾನು ಎದ್ದು ನಿಂತು ಶುರು ಮಾಡಿದೆ. ಕಲ್ಲು ತಲೆಯೆತ್ತುವುದು ನಿಜ, ಕಾನೂನು ಹೀಗಿದೆ, ಗೆರೆ ಇಷ್ಟು ಉತ್ತರಕ್ಕೆ ಸರಿಯಿತು. ಸುಬ್ರಾಯ ಬೀಡಿ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಪೂರ್ತಿ ಕೇಳಿದ.

"ಆತು. ನಾ ನಾಳೆ ಬಲೆ ಎಲ್ಲಿ ಬಿಡೂದು?"

ಗೆರೆ ಉತ್ತರಕ್ಕೆ ಸರಿದದ್ದನ್ನೇ ಇನ್ನೊಮ್ಮೆ ಹೇಳಿದೆ. ಬಲೆ ಎಲ್ಲಿ ಎಂದು ಅವನೂ ಇನ್ನೊಮ್ಮೆ ಕೇಳಿದ. ನಾನು ಕೂತೆ.

ಆಗ ಇಲ್ಯಾಸ್ ಎದ್ದ. ನಾನು ನಡುವೆ ನಿಂತು ಇಬ್ಬರಿಗೂ ಭಾಷೆ ದಾಟಿಸಿದೆ. ಈ ಕಲ್ಲಿನ ಹತ್ತಿರ ನೀವು ಬಲೆ ಬಿಡುವುದು ಯಾವಾಗ ಎಂದು ಸುಬ್ರಾಯನನ್ನು ಕೇಳಿದ. ಏಳು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಕಲ್ಲು ಮುಳುಗಿದಾಗ, ಎಂದ ಸುಬ್ರಾಯ. ಕಲ್ಲು ಕಾಣುವಾಗ ಯಾವ ಮರುಳ ಬರ್ತ, ಬಲೆ ಹರ್ದೇ ಹೋಗ್ತದೆ. ಇಲ್ಯಾಸ್ ನನ್ನ ಕಡೆ ತಿರುಗಿದ. ಹಾಗಾದರೆ ಗೆರೆ ನಿಮ್ಮ ಕಲ್ಲಿನಿಂದಲೇ ಎಳೆಯೋಣ. ಕಲ್ಲು ಕಾಣುವಷ್ಟು ಹೊತ್ತು ಸುತ್ತಲ ನೀರೂ ನಿಮ್ಮದೇ. ಮುಳುಗಿದಾಗ ಮೀನು ಇಬ್ಬರದ್ದು.

ಮುಳುಗಿತೆಂದು ತೀರ್ಮಾನಿಸುವವರು ಯಾರು ಎಂದು ನಾನು ಕೂಡಲೇ ತಕರಾರು ಹಾಕಿದೆ. ಆ ತಕರಾರು ನನಗೆ ಈಗಲೂ ಇದೆ. ಈರಪ್ಪನವರು ಚಿತ್ರಾನ್ನದ ಕಾಗದ ಬಿಚ್ಚಿ, ಅನ್ನ ಸುಬ್ರಾಯನ ಕೈಗೆ ಸುರಿದು, ಕಾಗದವನ್ನು ತೊಡೆಯ ಮೇಲೆ ನೀವಿ ನನ್ನ ಮುಂದೆ ಹಿಡಿದರು. ಇಲ್ಯಾಸ್ ಬರೆದ. ನಾವಿಬ್ಬರೂ ಸಹಿ ಹಾಕಿದೆವು. ಈರಪ್ಪನವರು ಪೆನ್ನಿನ ಮುಚ್ಚಳ ಹಿಡಿದುಕೊಂಡಿದ್ದರು, ಅಷ್ಟೇ. ಎಣ್ಣೆಯ ಕಲೆಯ ಮೇಲೆ ಶಾಯಿ ಹತ್ತದೆ ನನ್ನ ಸಹಿ ಅರ್ಧ ಮಾತ್ರ ಬಿದ್ದಿದೆ. ನಾವು ಹೊರಡುವಾಗ ನೀರುಕಾಗೆ ಹಾರಿಹೋಗಿತ್ತು, ಕಲ್ಲಿನ ನೆತ್ತಿ ಮತ್ತೆ ಒದ್ದೆಯಾಗುತ್ತಿತ್ತು.

ಆಮೇಲೆ ನಾನು ವಕೀಲಳಾದೆ. ಭಟ್ಕಳದ ಕೋರ್ಟಿಗೆ ಹೋದಾಗೆಲ್ಲ ಬೆಳಕೆಯಲ್ಲಿ ಇಳಿಯುತ್ತಿದ್ದೆ. ಈರಪ್ಪನವರು ನನ್ನ ಕೇಸುಗಳ ಸುದ್ದಿ ಕೇಳಿ, ಗೆದ್ದೆ ಅಂದರೆ, ಎದುರಿನವ ಎಂತ ಅಂದ ಎಂದು ಕೇಳುತ್ತಿದ್ದರು. ಅದು ಗೊತ್ತಿರುತ್ತಿರಲಿಲ್ಲ, ನಮಗೆ ಅಲ್ಲೇ ಜಗಳ ಶುರುವಾಗುತ್ತಿತ್ತು. ಇಲ್ಯಾಸನ ದೇಶದ ಮಾತುಕತೆ ಹೇಳಿದಂತೆ ಮೂರು ತಿಂಗಳಿಗೆ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಕೊನೆಗೊಂದು ದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ: ಎರಡು ದೇಶಗಳ ನಡುವೆ ಗಡಿ ಒಪ್ಪಂದ ಆಗಿದೆ. ಕತ್ತರಿಸಿಕೊಂಡು ಬೆಳಕೆಗೆ ಓಡಿದೆ. ಅಷ್ಟು ಹೊತ್ತಿಗೆ ಅವರ ಕಣ್ಣು ಮಂದವಾಗಿತ್ತು, ನಾನೇ ಓದಿದೆ. ಇನ್ನೊಮ್ಮೆ ಓದಿಸಿದರು.

"ಗೆರೆ ಬಿತ್ತು. ದಿಬ್ಬ ಯಾವ ಬದಿಗೆ ಹೋತು?"

ಅದನ್ನು ಬರೆದಿಲ್ಲ ಅಂದೆ. ಅವರು ಕಿಸೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡರು. ಆತು, ನೀರು ಇಳೀತು, ಊಟ ಮಾಡ್ಕಂಡು ಹೋಗು ಅಂದರು. ಅದೇ ಕೊನೆ. ಮಳೆಗಾಲದ ಮೊದಲೇ ಹೋದರು.

ತಿಥಿ ಮುಗಿಸಿ ಬಂದ ದಿನ ಇಲ್ಯಾಸನ ಹಳೆಯ ಇಲಾಖೆಯ ವಿಳಾಸಕ್ಕೆ ಪತ್ರ ಬರೆದೆ. ಈರಪ್ಪನವರು ಇಲ್ಲವಾದ ಸುದ್ದಿ ತಿಳಿಸಿ, ಎಣ್ಣೆಯ ಕಲೆಯ ಕಾಗದದ ಜೆರಾಕ್ಸ್ ಇಟ್ಟು, ಕೆಳಗೆ ಒಂದೇ ಒಂದು ಪ್ರಶ್ನೆ ಸೇರಿಸಿದೆ. ಉತ್ತರ ಬಂದಿಲ್ಲ, ಪತ್ರ ವಾಪಸೂ ಬಂದಿಲ್ಲ.

ಇಲ್ಯಾಸ್, ಗೆರೆ ಬಿದ್ದ ದಿನ ನೀವು ಮನೆಗೆ ಹೋಗಿ ಏನು ಹೇಳಿದಿರಿ?